ದಾಸಪ್ಪನವರ ಪತ್ನಿ ಎಂದಷ್ಟೇ ಹೇಳಿದರೆ

ಬಂಗಾರಪೇಟೆ ಸೀಮೆಯ ಕ್ಯಾಸಂಬಳ್ಳಿಯವರಾದ ಕೆ.ಸಿ. ರೆಡ್ಡಿ 1947ರಲ್ಲಿ ಮೈಸೂರಿನ ಮೊದಲ ಜವಾಬ್ದಾರಿ ಸರ್ಕಾರ ರಚಿಸಿದಾಗ ಎಚ್.ಸಿ. ದಾಸಪ್ಪ ಅದರಲ್ಲಿ ಮಂತ್ರಿ. ಮುಂದೆ ಅವರು ನೆಹರೂ ಸಂಪುಟದಲ್ಲಿ ರೈಲ್ವೆ ಸಚಿವರೂ ಆದರು. ಯಶೋಧರಮ್ಮನವರ ಪರಿಚಯ ‘ಅವರ ಪತ್ನಿ’ ಎಂಬಲ್ಲಿಗೇ ಮುಗಿದುಬಿಡುವುದುಂಟು. ಅದು ಅನ್ಯಾಯ.

1905ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿದ ಈಕೆ ಗಾಂಧೀಜಿಯ ಹಾದಿ ಹಿಡಿದರು. ಸ್ವಾತಂತ್ರ್ಯ ಚಳವಳಿಯ ಭೂಗತ ಕಾರ್ಯಕರ್ತರು ಸೇರುತ್ತಿದ್ದುದು ಇವರ ಮನೆಯಲ್ಲೇ. ಪೊಲೀಸರ ಕಣ್ಣು ತಪ್ಪಿಸಿ ಬಂದವರಿಗೆ ಬಾಗಿಲು ತೆರೆಯುವುದನ್ನು ಬರೀ ‘ಗಂಡನಿಗೆ ನೆರವು’ ಎನ್ನಲಾದೀತೇ? ಅರಸೀಕೆರೆಯಲ್ಲಿ ಕಸ್ತೂರ್ಬಾ ಸ್ಮಾರಕ ಟ್ರಸ್ಟಿನ ಕೆಲಸಕ್ಕೂ ದುಡಿದರು; ಹಳ್ಳಿಯ ಹೆಣ್ಣುಮಕ್ಕಳನ್ನು ತರಬೇತಿ ಕೊಟ್ಟು ಹಳ್ಳಿಯ ಸೇವೆಗೇ ಕಳುಹಿಸುವ ಕೆಲಸವದು.

1962ರಲ್ಲಿ ಎಸ್.ಆರ್. ಕಂಠಿ ಸಂಪುಟದಲ್ಲಿ ಸ್ವತಃ ಮಂತ್ರಿಯಾದರು. 1964ರಲ್ಲಿ ದಾಸಪ್ಪ ತೀರಿಕೊಂಡರು. 1972ರಲ್ಲಿ ಯಶೋಧರಮ್ಮನವರಿಗೆ ಪದ್ಮಭೂಷಣ ಬಂತು.