ಶಾವೊಲಿನ್ ಕುಂಗ್‌ಫು ಹುಟ್ಟುಹಾಕಿದ್ದು ಬೋಧಿಧರ್ಮನೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ದಕ್ಷಿಣ ಭಾರತದಿಂದ ಹೋದ ರಾಜಕುಮಾರ ಬೋಧಿಧರ್ಮ ಚೀನೀಯರಿಗೆ ಕುಂಗ್‌ಫು ಕಲಿಸಿದ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಲೇ ಇರುತ್ತದೆ. 2011ರ ತಮಿಳು ಚಿತ್ರ ‘ಏಳಾಂ ಅರಿವು’ ಬಂದ ಮೇಲಂತೂ ಅನೇಕರು ಇದನ್ನು ಇತಿಹಾಸವೆಂದೇ ನಂಬಿದ್ದಾರೆ. ಇದರಲ್ಲಿ ನಿಜವೆಷ್ಟು, ನೋಡೋಣ.

ದಾಖಲೆಗಳು ಹೇಳುವುದೇನು?

ಚೀನಾದ ಹೆನಾನ್ ಪ್ರಾಂತ್ಯದ ಸಾಂಗ್ ಪರ್ವತದಲ್ಲಿ ಶಾವೊಲಿನ್ ವಿಹಾರ ಸ್ಥಾಪನೆಯಾದದ್ದು ಸುಮಾರು 495ರಲ್ಲಿ. ಅದನ್ನು ಕಟ್ಟಿಸಿಕೊಟ್ಟದ್ದು ಬಾತುವೊ ಎಂಬ ಭಾರತೀಯ ಭಿಕ್ಷುವಿಗಾಗಿ, ಬೋಧಿಧರ್ಮನಿಗಾಗಿ ಅಲ್ಲ.

621ರಲ್ಲಿ ಶಾವೊಲಿನ್ ಭಿಕ್ಷುಗಳು ಯುದ್ಧವೊಂದರಲ್ಲಿ ಲಿ ಶಿಮಿನ್‌ನ ಪರ ನಿಂತರು. ಮುಂದೆ ಆತ ಟಾಂಗ್ ವಂಶದ ಚಕ್ರವರ್ತಿಯಾದ. ವಿಹಾರದಲ್ಲಿರುವ 728ರ ಶಿಲಾಶಾಸನದಲ್ಲಿ ಇದರ ದಾಖಲೆ ಇದೆ. ಆದರೆ ಬೋಧಿಧರ್ಮ ಯುದ್ಧವಿದ್ಯೆ ಕಲಿಸಿದ ಎಂಬ ಮಾತು ಅದರಲ್ಲಿಲ್ಲ.

ಹಾಗಾದರೆ ಈ ಕಥೆ ಬಂದದ್ದೆಲ್ಲಿಂದ? ‘ಯಿಜಿನ್ ಜಿಂಗ್’ ಎಂಬ ವ್ಯಾಯಾಮದ ಪುಸ್ತಕದಿಂದ. ಅದರ ಮುನ್ನುಡಿ ತನ್ನನ್ನು 7ನೇ ಶತಮಾನದ್ದೆಂದು ಹೇಳಿಕೊಂಡರೂ, ಪುಸ್ತಕ ಬರೆದದ್ದು 1624ರ ಸುಮಾರಿಗೆ. ಅಂದರೆ ಬೋಧಿಧರ್ಮನ ಕಾಲಕ್ಕಿಂತ ಸಾವಿರ ವರ್ಷ ಈಚೆಗೆ! ಚೀನೀ ಇತಿಹಾಸಕಾರ ಟಾಂಗ್ ಹಾವೊ 1930ರಲ್ಲೇ ಈ ಕಥೆಗೆ ಆಧಾರವಿಲ್ಲವೆಂದು ತೋರಿಸಿದರು.

ಇನ್ನೊಂದು ಸ್ವಾರಸ್ಯ ಕೇಳಿ. 16ನೇ ಶತಮಾನದ ಶಾವೊಲಿನ್ ಭಿಕ್ಷುಗಳು ತಮ್ಮ ದೊಣ್ಣೆವರಸೆಯ ಮೂಲಪುರುಷ ಎಂದು ಹೇಳುತ್ತಿದ್ದುದು ಬೋಧಿಧರ್ಮನನ್ನಲ್ಲ, ಕಿನ್ನರನನ್ನು. ಅಡುಗೆಮನೆಯ ಕೆಲಸದವನ ರೂಪದಲ್ಲಿದ್ದ ಕಿನ್ನರರಾಜ ಒಲೆಯ ಕೋಲು ಹಿಡಿದು ದಂಗೆಕೋರರನ್ನು ಓಡಿಸಿದ ಎಂಬುದು ಅವರ ಐತಿಹ್ಯ.

ಈ ವಿದ್ಯೆಯಲ್ಲಿ ಇರುವುದೇನು?

ಶಾವೊಲಿನ್ ಮೊದಲು ಹೆಸರಾದದ್ದು ಮುಷ್ಟಿಗಲ್ಲ, ಮರದ ದೊಣ್ಣೆಗೆ. 16ನೇ ಶತಮಾನದಲ್ಲಿ ಕರಾವಳಿಯ ಕಡಲ್ಗಳ್ಳರ ವಿರುದ್ಧ ಭಿಕ್ಷುಗಳು ಹೋರಾಡಿದ್ದೂ ದೊಣ್ಣೆ ಹಿಡಿದೇ. ಬರಿಗೈ ಕಾಳಗಕ್ಕೆ ಒತ್ತು ಬಂದದ್ದು ಆಮೇಲೆ.

ಅಭ್ಯಾಸ ಶುರುವಾಗುವುದು ನಿಲುವಿನಿಂದ. ‘ಮಾಬು’ ಎಂದರೆ ಕುದುರೆ ಸವಾರನ ಹಾಗೆ ಕಾಲು ಅಗಲಿಸಿ, ಬೆನ್ನು ನೆಟ್ಟಗಿಟ್ಟು ತಗ್ಗಿ ನಿಲ್ಲುವುದು. ‘ಗಾಂಗ್‌ಬು’ವಿನಲ್ಲಿ ಮುಂದಿನ ಮಂಡಿ ಬಾಗಿರುತ್ತದೆ, ಹಿಂದಿನ ಕಾಲು ನೇರವಾಗಿರುತ್ತದೆ. ಹಿಂಗಾಲು ನೆಲವನ್ನು ಒತ್ತಿ, ಸೊಂಟ ತಿರುಗಿದಾಗ ಕಾಲಿನ ಬಲ ಮುಷ್ಟಿಗೆ ಬರುತ್ತದೆ. ಹೊಡೆಯುವ ತೋಳು ಪೂರ್ತಿ ಚಾಚುವುದಿಲ್ಲ, ಪೂರ್ತಿ ಮಡಚುವುದೂ ಇಲ್ಲ. ಒಂದು ಎತ್ತು ಮಲಗುವಷ್ಟು ಜಾಗ ಇದ್ದರೆ ಕಾಳಗಕ್ಕೆ ಸಾಕು ಎಂಬ ಮಾತು ಅಲ್ಲಿ ಪ್ರಚಲಿತ. ಹಾಗಾಗಿ ವರಸೆಗಳು ಹೆಚ್ಚಾಗಿ ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಸಾಗುತ್ತವೆ. ಇದರಲ್ಲಿ ಮಾಯವೇನೂ ಇಲ್ಲ, ಇರುವುದು ವರ್ಷಗಟ್ಟಲೆ ಸಾಧನೆ.

ನಾವು ಹೇಳುವುದಿಷ್ಟು

ಭಾರತದ ನಂಟು ಸುಳ್ಳಲ್ಲ. ವಿಹಾರದ ಮೊದಲ ಗುರು ಭಾರತೀಯ, ಅಲ್ಲಿನ ಧರ್ಮ ಭಾರತದಿಂದ ಹೋದದ್ದು, ಕಿನ್ನರನೂ ಇಲ್ಲಿಂದಲೇ ಹೋದವನು. ಬೋಧಿಧರ್ಮ ದಕ್ಷಿಣ ಭಾರತದವನೆಂದು ಹಳೆಯ ಚೀನೀ ಬರಹವೊಂದು ಹೇಳುತ್ತದೆ, ಪರ್ಷಿಯಾದವನೆಂದು ಇನ್ನೊಂದು ಹೇಳುತ್ತದೆ. ಆದರೆ ಯುದ್ಧವಿದ್ಯೆಯನ್ನು ಬೆಳೆಸಿದ್ದು ಚೀನಾದ ಭಿಕ್ಷುಗಳು, ಸೈನಿಕರು ಮತ್ತು ಹಳ್ಳಿಗರು. ನಿಜವಾದ ನಂಟೇ ಇಷ್ಟಿರುವಾಗ ಹೆಮ್ಮೆಪಡಲು ಸುಳ್ಳೇಕೆ ಬೇಕು? ಆ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ 1624ನೇ ಇಸವಿಯನ್ನು ನೆನಪಿಸಿ.