ತೊಳೆಯದ ಕೈಗಳ ಚರಿತ್ರೆ

ಚರಿತ್ರೆ ಎಂದರೆ ರಾಜರ ಯುದ್ಧಗಳ ಪಟ್ಟಿ ಎಂದು ಶಾಲೆಯಲ್ಲಿ ನಮಗೆ ಕಲಿಸಿದರು. ಕೈ ತೊಳೆದ ಚರಿತ್ರೆಯನ್ನು ಯಾರೂ ಕಲಿಸಲಿಲ್ಲ. ಯಾರ ಕೈ ಶುದ್ಧ, ಯಾರ ಕೈ ಮೈಲಿಗೆ ಎಂಬ ಲೆಕ್ಕದೊಳಗೇ ಹುಟ್ಟಿ ಬೆಳೆದ ನಮ್ಮಂಥವರಿಗೆ ಈ ಚರಿತ್ರೆ ಬೇಕು. ಇದು ನಡೆದದ್ದು ನಮ್ಮೂರಲ್ಲಲ್ಲ, ಯೂರೋಪಿನಲ್ಲಿ. ಆದರೂ ಓದುತ್ತಾ ಹೋದಂತೆ ನಮಗದು ಪರದೇಶದ ಕತೆ ಅನ್ನಿಸಲಿಲ್ಲ.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಜನರಲ್ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಅಲ್ಲಿಗೆ ಬರುತ್ತಿದ್ದವರು ಬಡ ಹೆಂಗಸರು. ಮನೆಗೆಲಸದವರು, ಕೂಲಿಯವರು, ಮದುವೆಯಿಲ್ಲದೆ ಬಸಿರಾದವರು. ಉಳ್ಳವರ ಮನೆಯ ಹೆಂಗಸರು ಆಗ ಮನೆಯಲ್ಲೇ ಹೆರುತ್ತಿದ್ದರು. ಬಡವರಿಗೆ ಆಸ್ಪತ್ರೆ ಪುಕ್ಕಟೆ. ಅದಕ್ಕೆ ಬದಲಾಗಿ ಅವರು ತಮ್ಮ ಮೈಯನ್ನು ಕಲಿಯುವವರ ಪಾಠಕ್ಕೆ ಒಡ್ಡಬೇಕು. ಮೊದಲನೇ ವಿಭಾಗದಲ್ಲಿ ಡಾಕ್ಟರಿಕೆ ಕಲಿಯುವ ಹುಡುಗರು. ಎರಡನೆಯದರಲ್ಲಿ ಸೂಲಗಿತ್ತಿಯರಾಗಲು ಬಂದ ಹೆಂಗಸರು. ಒಂದು ದಿನ ಬಂದವರಿಗೆ ಮೊದಲನೆಯದು, ಮಾರನೇ ದಿನ ಬಂದವರಿಗೆ ಎರಡನೆಯದು.

ನಮ್ಮ ಕಡೆ ಬಾಣಂತಿ ಸನ್ನಿ ಅಂತಾರಲ್ಲ, ಅಂಥ ಜ್ವರ ಅಲ್ಲಿ ಹೆಂಗಸರನ್ನು ತಿನ್ನುತ್ತಿತ್ತು. 1841ರಿಂದ 1846ರವರೆಗೆ ಡಾಕ್ಟರರ ವಿಭಾಗದಲ್ಲಿ ಸತ್ತವರು ನೂರಕ್ಕೆ ಹತ್ತಿರ ಹತ್ತಿರ 10. ಸೂಲಗಿತ್ತಿಯರ ವಿಭಾಗದಲ್ಲಿ ನೂರಕ್ಕೆ 3ರ ಮೇಲೆ ಚೂರು. ಒಂದೇ ಆಸ್ಪತ್ರೆ, ಒಂದೇ ಊರಿನ ಗಾಳಿ. ಆಸ್ಪತ್ರೆ ಮುಟ್ಟುವ ಮೊದಲೇ ಬೀದಿಯಲ್ಲಿ ಹೆತ್ತು ಬಂದವರಿಗೂ ಈ ಜ್ವರ ಅಪರೂಪ! ಹೆಂಗಸರಿಗೆ ಇದೆಲ್ಲ ಗೊತ್ತಿತ್ತು. ಮೊದಲನೇ ವಿಭಾಗ ಬೇಡ ಎಂದು ಮಂಡಿಯೂರಿ, ಕೈಮುಗಿದು ಅಳುತ್ತಿದ್ದರು. ಬಡವರ ಅಳುವನ್ನು ಶಾಸ್ತ್ರ ಯಾವಾಗ ಪುರಾವೆ ಎಂದು ಒಪ್ಪಿದೆ? ಪಂಡಿತರು ಬೇರೆ ಕಾರಣ ಹೇಳಿದರು. ಗಾಳಿ ಕೆಟ್ಟಿದೆ ಅಂದರು. ಗಂಡಸರು ಮುಟ್ಟುವುದರಿಂದ ಹೆಂಗಸರಿಗೆ ನಾಚಿಕೆ, ಭಯ, ಅದಕ್ಕೇ ಜ್ವರ ಅಂದರು.

1846ರಲ್ಲಿ ಆ ವಿಭಾಗಕ್ಕೆ ಸಹಾಯಕನಾಗಿ ಬಂದವನು ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್. ಅವನು ಒಂದೊಂದೇ ಕಾರಣವನ್ನು ಹಿಡಿದು ಪರೀಕ್ಷಿಸಿದ. ಸಾಯುವವರಿಗೆ ಮಂತ್ರ ಹೇಳಲು ಬರುವ ಪಾದ್ರಿಯ ಗಂಟೆಗೆ ಹೆದರಿ ಜ್ವರ ಬರುತ್ತದೆ ಎಂದವರಿದ್ದರು. ಗಂಟೆ ನಿಲ್ಲಿಸಿ ನೋಡಿದ. ಸಾವು ನಿಲ್ಲಲಿಲ್ಲ. 1847ರ ಮಾರ್ಚಿನಲ್ಲಿ ಅವನ ಗೆಳೆಯ ಕೊಲೆಚ್ಕಾ ಎಂಬ ಪ್ರೊಫೆಸರು ಹೆಣ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ ಸತ್ತ. ಅವನ ಹೆಣದೊಳಗೆ ಕಂಡದ್ದು ಬಾಣಂತಿಯರ ಹೆಣದಲ್ಲಿ ಕಂಡದ್ದೇ. ಸೆಮ್ಮೆಲ್‌ವೈಸನಿಗೆ ದಿಗ್ಗೆಂದಿತು. ಡಾಕ್ಟರರು, ವಿದ್ಯಾರ್ಥಿಗಳು ಬೆಳಿಗ್ಗೆ ಹೆಣ ಕೊಯ್ದು, ಅದೇ ಕೈಯಲ್ಲಿ ಹೆರಿಗೆ ವಿಭಾಗಕ್ಕೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಸಾವು ಬರುತ್ತಿದ್ದದ್ದು ಗಾಳಿಯಲ್ಲಲ್ಲ, ಕೈಯಲ್ಲಿ.

1847ರ ಮೇ ತಿಂಗಳ ನಡುವೆ ಅವನು ಬಾಗಿಲಲ್ಲಿ ಬೋಗುಣಿ ಇಡಿಸಿದ. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದು. ಆಮೇಲೆ ಅಗ್ಗವೆಂದು ಕ್ಲೋರಿನ್ ಸುಣ್ಣ ಬಂತು. ಇವತ್ತು ಪಂಚಾಯ್ತಿಯವರು ಬಾವಿಗೆ ಸುರಿಯುವ ಬ್ಲೀಚಿಂಗ್ ಪುಡಿಯ ಜಾತಿಯದೇ ಅದು. ಏಪ್ರಿಲಿನಲ್ಲಿ ನೂರಕ್ಕೆ 18 ಸಾವಿದ್ದದ್ದು ಜೂನಿನಲ್ಲಿ 2ಕ್ಕೆ ಇಳಿಯಿತು. 1848ರಲ್ಲಿ ಇಡೀ ವರ್ಷದ ಲೆಕ್ಕ ನೂರಕ್ಕೆ 1.27. ಎರಡು ತಿಂಗಳು ಒಬ್ಬಳೂ ಸಾಯಲಿಲ್ಲ.

ಇಷ್ಟಾದ ಮೇಲೆ ದೊಡ್ಡವರು ಅವನನ್ನು ಹೊತ್ತು ಮೆರೆಸಬೇಕಿತ್ತಲ್ಲವೇ? 1849ರಲ್ಲಿ ಅವನ ಕೆಲಸ ಮುಂದುವರಿಸಲಿಲ್ಲ. ಅವನ ಮಾತನ್ನು ಒಪ್ಪುವುದೆಂದರೆ ಇಷ್ಟು ವರ್ಷ ತಾಯಂದಿರನ್ನು ಕೊಂದದ್ದು ತಮ್ಮದೇ ಕೈ ಎಂದು ಒಪ್ಪಿದಂತೆ. ಅವನು ಒಪ್ಪಿದ್ದ, ತನ್ನ ಕೈಯಿಂದ ಎಷ್ಟು ಜನ ಗೋರಿಗೆ ಹೋದರೋ ದೇವರಿಗೇ ಗೊತ್ತು ಎಂದು ಬರೆದುಕೊಂಡ. ಉಳಿದವರಿಗೆ ಅಷ್ಟು ಎದೆ ಇರಲಿಲ್ಲ. ಅವನದೂ ತಪ್ಪಿತ್ತು. ಕಂಡದ್ದನ್ನು ಪೂರ್ತಿ ಪುಸ್ತಕವಾಗಿ ಬರೆದದ್ದು 1861ರಲ್ಲಿ. ತಡವಾಯಿತು. ರೋಗಾಣುವಿನ ಜ್ಞಾನ ಆಗಿನ್ನೂ ಬಂದಿರಲಿಲ್ಲವಾದ್ದರಿಂದ ಯಾಕೆ ಹೀಗೆ ಎಂದು ಬಿಡಿಸಿ ಹೇಳಲೂ ಆಗಲಿಲ್ಲ.

ಅಮೆರಿಕದಲ್ಲೂ 1843ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಎಂಬ ಡಾಕ್ಟರು, ಈ ಜ್ವರವನ್ನು ಹೊತ್ತು ತರುವವರು ನಾವೇ ಎಂದು ಬರೆದಿದ್ದ. ಫಿಲಡೆಲ್ಫಿಯಾದ ಚಾರ್ಲ್ಸ್ ಮೀಗ್ಸ್ ಎಂಬ ಪ್ರೊಫೆಸರು ಅವನ ಮೇಲೆ ಬಿದ್ದ. ಡಾಕ್ಟರರು ಸಭ್ಯ ಕುಲದವರು, ಅಂಥವರ ಕೈ ಯಾವಾಗಲೂ ಶುದ್ಧವೇ ಎಂಬುದು ಅವನ ವಾದ. ಗೆಳೆಯರೇ, ಈ ವಾದ ನಮಗೆ ಹೊಸದೇನು? ಕುಲ ದೊಡ್ಡದಾದರೆ ಕೈ ತೊಳೆಯಬೇಕಾಗಿಲ್ಲ; ಕುಲ ಸಣ್ಣದಾದರೆ ಎಷ್ಟು ತೊಳೆದರೂ ಸಾಲದು. ಭಾಷೆ ಬೇರೆ, ಮಾತು ಒಂದೇ.

1865ರ ಆಗಸ್ಟ್ 13ರಂದು ಸೆಮ್ಮೆಲ್‌ವೈಸ್ ವಿಯೆನ್ನಾದ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅಲ್ಲಿ ಸೇರಿಸಿ ಎರಡು ವಾರವಾಗಿತ್ತು. ಮೈಮೇಲಿನ ಗಾಯ ಕೀವಾಗಿ ನಂಜೇರಿತ್ತು. ವಯಸ್ಸು 47. ಅದರ ಹಿಂದಿನ ದಿನವೇ ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್, ಗಾಡಿ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಬಟ್ಟೆ ಕಟ್ಟಿದ. ಕಾಲು ಉಳಿಯಿತು. ಆ ಆಮ್ಲವನ್ನು ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿ ಕೊಳಕಿನ ನಾತ ಕಳೆಯಲು ಬಳಸುತ್ತಿದ್ದರು. ವೈದ್ಯಶಾಸ್ತ್ರಕ್ಕೆ ಆ ದಾರಿ ತೋರಿಸಿದ್ದು ಚರಂಡಿ.

ಆಗಿನ ಸರ್ಜನ್ನರು ಕೊಯ್ಯುವಾಗ ತೊಡುತ್ತಿದ್ದದ್ದು ಹಳೇ ಕೋಟು. ರಕ್ತ, ಕೀವು ಮೆತ್ತಿ ಒಣಗಿ ಸೆಟೆದ ಕೋಟು ಅನುಭವಸ್ಥನ ಗುರುತು, ಒಗೆಯುತ್ತಿರಲಿಲ್ಲ. ಚಾಕು ಗರಗಸಗಳ ಹಿಡಿಗಳು ಮರದವು, ದಂತದವು. ಕುದಿಸಿದರೆ ಕೆಡುತ್ತಿದ್ದವು. ಆದ್ದರಿಂದ ಒರೆಸಿ ಪೆಟ್ಟಿಗೆಗಿಡುವುದೇ ಶುಚಿ. 1879ರಲ್ಲಿ ಪ್ಯಾಶ್ಚರನ ಜೊತೆ ದುಡಿಯುತ್ತಿದ್ದ ಚಾರ್ಲ್ಸ್ ಶಾಂಬರ್ಲಾಂಡ್ ಆಟೊಕ್ಲೇವ್ ಮಾಡಿದ. ನಮ್ಮ ಪ್ರೆಶರ್ ಕುಕ್ಕರಿನದೇ ತತ್ವ. 1880ರ ದಶಕದಲ್ಲಿ ಜರ್ಮನಿಯ ಬರ್ಗ್‌ಮನ್ ಬಟ್ಟೆಬರೆಗಳನ್ನು ಹಬೆಯಲ್ಲಿ ಬೇಯಿಸಿ ಬಳಸತೊಡಗಿದ. ಮರದ ಹಿಡಿ ಹೋಗಿ ಪೂರ್ತಿ ಲೋಹದ ಸಲಕರಣೆ ಬಂತು. ಕೋಟು ಹೋಗಿ ಗೌನು ಬಂತು. 1897ರಲ್ಲಿ ಮಿಕುಲಿಚ್ ಎಂಬ ಸರ್ಜನ್ ಬಾಯಿಗೆ ಬಟ್ಟೆ ಕಟ್ಟಿದ.

ಕೈಗವಸಿನದು ಬೇರೆ ಕತೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೋಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದಳು. ಪಾದರಸದ ಔಷಧದ ನೀರಿನಲ್ಲಿ ಕೈ ಅದ್ದಿ ಅದ್ದಿ ಚರ್ಮ ಸುಲಿಯಿತು. 1889–90ರ ಹೊತ್ತಿಗೆ ಸರ್ಜನ್ ಹಾಲ್‌ಸ್ಟೆಡ್ ಅವಳಿಗಾಗಿ ತೆಳ್ಳನೆಯ ರಬ್ಬರ್ ಗವಸು ಮಾಡಿಸಿದ. ಹಾಗೆ ದುಡಿಯುವ ಹೆಣ್ಣೊಬ್ಬಳ ನೋಯುವ ಕೈಗೆಂದು ಬಂದದ್ದು ಆಮೇಲೆ ಲೋಕದ ರೋಗಿಗಳನ್ನೆಲ್ಲ ಕಾಯಿತು.

ಇವತ್ತಿನ ಆಪರೇಷನ್ ಥಿಯೇಟರಿನ ನಿಯಮ ನೋಡಿ. ಉಂಗುರ, ಬಳೆ, ವಾಚು ತೆಗೆಯಬೇಕು. ಉಗುರು ಮೋಟಾಗಿರಬೇಕು. ಬೆರಳು ಮೇಲೆ, ಮೊಣಕೈ ಕೆಳಗೆ ಹಿಡಿದು ತೊಳೆಯಬೇಕು. ನೀರು ಬೆರಳಿನಿಂದ ಮೊಣಕೈಗೆ ಇಳಿಯಬೇಕೇ ಹೊರತು ವಾಪಸ್ಸು ಬರಬಾರದು. ಗೌನು ತೊಟ್ಟ ಮೇಲೂ ಬೆನ್ನಿನ ಭಾಗ ಶುದ್ಧವಲ್ಲ ಎಂದೇ ಲೆಕ್ಕ. ಸಲಕರಣೆಗಳನ್ನು ಬೇಯಿಸುವ ಮೊದಲು ತೊಳೆಯಬೇಕು. ರಕ್ತ ಒಣಗಿದರೆ ಅದರ ಅಡಿಯಲ್ಲಿ ರೋಗಾಣು ಅಡಗುತ್ತದೆ, ಹಬೆ ತಲುಪುವುದಿಲ್ಲ. ಕತ್ತರಿ, ಇಕ್ಕಳಗಳ ಬಾಯಿ ಬಿಡಿಸಿ, ಕೀಲಿನ ಸಂದುಗೊಂದನ್ನು ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಬಟ್ಟೆ ಸುತ್ತಿ, ಆಮೇಲೆ 121 ಡಿಗ್ರಿ ಹಬೆ, ಕಡಿಮೆಯೆಂದರೆ 15 ನಿಮಿಷ. ತೊಳೆಯದೆ ಬೇಯಿಸಿದರೆ ಬೇಯಿಸಿದ ಕೊಳಕೇ ಸಿಗುವುದು.

ಥಿಯೇಟರಿನಲ್ಲೂ ಮುಟ್ಟಬೇಡಿ ಎನ್ನುತ್ತಾರೆ. ಕೈ ತೊಳೆದವರು ತೊಳೆಯದವರನ್ನು ಮುಟ್ಟುವಂತಿಲ್ಲ. ಇದೂ ಮಡಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಇಲ್ಲಿ ಮುಟ್ಟಬಾರದ್ದು ಕೊಳಕು, ಮನುಷ್ಯ ಅಲ್ಲ. ಪ್ರೊಫೆಸರಿಗೂ ಅದೇ ನಿಯಮ, ಆಯಾಗೂ ಅದೇ. ತೊಳೆದರೆ ಹೋಗುತ್ತದೆ, ಗೌನು ಕಳಚಿದರೆ ಮುಗಿಯುತ್ತದೆ. ಮಡಿಯ ಬಟ್ಟೆ ಕೊಳೆಯಾಗಿದ್ದರೂ ಮಡಿ. ನಮ್ಮ ಅಂಗಿ ಒಗೆದು ಬಿಸಿಲಿಗೆ ಹಾಕಿದ್ದರೂ ಮೈಲಿಗೆ. ಒಂದು ಪರೀಕ್ಷೆಗೆ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ವ್ಯತ್ಯಾಸ ಅಷ್ಟೇ, ಮತ್ತು ಅದು ಬಹಳ.

ನಮ್ಮನ್ನೂ ನಾವು ಬಿಟ್ಟುಕೊಳ್ಳಬಾರದು. ಹೆರಿಗೆ ಸೂತಕವೆಂದು ಹೊಕ್ಕುಳಬಳ್ಳಿ ಕತ್ತರಿಸುವ ಕೆಲಸವನ್ನು ದೇಶದ ಎಷ್ಟೋ ಕಡೆ ನಮ್ಮ ಹೆಂಗಸರಿಗೇ ಬಿಟ್ಟರು. ಅವರು ಎಷ್ಟೋ ಜೀವ ಉಳಿಸಿದರು. ಆದರೆ ತೊಳೆಯದ ಕುಡುಗೋಲು, ಹಳೇ ಬ್ಲೇಡು ಎಷ್ಟೋ ಕೂಸುಗಳಿಗೆ ಧನುರ್ವಾಯು ತಂದವು. ಅದು ವಿಧಿಯಲ್ಲ, ಶಾಪವಲ್ಲ. ತಾಯಿಗೆ ಚುಚ್ಚುಮದ್ದು, ಶುಚಿಯಾದ ಕೈ, ಶುಚಿಯಾದ ಬ್ಲೇಡು ಬಂದ ಮೇಲೆ ಅದು ಇಳಿಯಿತು. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲವಾಯಿತೆಂಬ ಘೋಷಣೆಯಾಯಿತು. ಹಳೆಯದೆಲ್ಲ ನಮ್ಮದು, ಆದ್ದರಿಂದ ಒಳ್ಳೆಯದು ಎನ್ನುವುದೂ ಮೀಗ್ಸ್‌ನ ವಾದವೇ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳಿಗೆ ಕೈ ತೊಳೆಯಲು ಹೇಳುವಾಗ ಈ ಕತೆಯನ್ನೂ ಹೇಳಿ. ಸೆಮ್ಮೆಲ್‌ವೈಸನ ಹೆಸರು ಉಳಿದಿದೆ, ಲಿಸ್ಟರನದೂ ಉಳಿದಿದೆ. ಎಲ್ಲರಿಗಿಂತ ಮೊದಲು ಸತ್ಯ ತಿಳಿದು, ಬಾಗಿಲಲ್ಲಿ ಮಂಡಿಯೂರಿ ಅತ್ತ ಆ ಬಸುರಿಯರ ಹೆಸರು ಯಾರಿಗೂ ಗೊತ್ತಿಲ್ಲ. ಇವತ್ತು ನಡುರಾತ್ರಿ ಆಸ್ಪತ್ರೆಯ ತೊಟ್ಟಿಯ ಮುಂದೆ ನಿಂತು ಇಕ್ಕಳದ ಸಂದಿನ ರಕ್ತ ಉಜ್ಜುತ್ತಿರುವವಳ ಹೆಸರೂ ಆಪರೇಷನ್ ಆದವರಿಗೆ ಗೊತ್ತಿರುವುದಿಲ್ಲ. ಅವಳು ಸರಿಯಾಗಿ ಉಜ್ಜಿದ್ದರಿಂದಲೇ ಅವರು ಮನೆಗೆ ಹೋಗುತ್ತಾರೆ.