ಸಾವನದುರ್ಗಕ್ಕೆ ಬಂದ ಡೆಸ್ಡಿಮೋನಾ

ಮಾಗಡಿ ಬಳಿಯ ಸಾವನದುರ್ಗ ಹಾಗೂ ರಾಮನಗರದ ಬಂಡೆಗಳಿಗೆ 1983-84ರಲ್ಲಿ ಒಂದು ಪಾತ್ರ ದೊರಕಿತು. ನಿರ್ದೇಶಕ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿ ಅವು ‘ಮರಾಬಾರ್’ ಬೆಟ್ಟಗಳಾದವು. ಇ.ಎಂ. ಫಾರ್ಸ್ಟರ್ ತಮ್ಮ ಕಾದಂಬರಿ ಬರೆಯುವಾಗ ಮನಸ್ಸಿನಲ್ಲಿಟ್ಟುಕೊಂಡಿದ್ದು ಬಿಹಾರದ ಬರಾಬರ್ ಗುಹೆಗಳನ್ನು. ಗುಹೆಯ ಪ್ರತಿಧ್ವನಿ ಕೇಳಿ ತಲ್ಲಣಿಸುವ ವೃದ್ಧೆ ಮಿಸೆಸ್ ಮೂರ್ ಪಾತ್ರಕ್ಕೆ ಬಂದವರು ಪೆಗ್ಗಿ ಆಶ್‌ಕ್ರಾಫ್ಟ್. ಆಗ ಅವರಿಗೆ 76 ವರ್ಷ.

ನಮ್ಮಲ್ಲಿ ಹೆಚ್ಚಿನವರು ಅವರನ್ನು ಬಲ್ಲದ್ದು ಈ ಒಂದು ಚಿತ್ರದಿಂದ. ಆದರೆ ಅವರ ಜೀವಮಾನದ ದುಡಿಮೆ ನಡೆದದ್ದು ರಂಗದ ಮೇಲೆ.

1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ ಪೆಗ್ಗಿ, 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಣ್ಣ ಹಚ್ಚಿದರು. 1930ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ‘ಒಥೆಲೊ’ ಪ್ರದರ್ಶನಗೊಂಡಾಗ ಅವರು ಡೆಸ್ಡಿಮೋನಾ. ಒಥೆಲೊ ಪಾತ್ರದಲ್ಲಿ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರಾಬ್ಸನ್. ಬಿಳಿಯ ಹೆಣ್ಣು ಕಪ್ಪು ನಟನ ಮಡದಿಯಾಗಿ ನಟಿಸಿದ್ದನ್ನು ಸಹಿಸದವರು ಆಕೆಗೆ ನಿಂದನೆಯ ಪತ್ರ ಬರೆದರು. ವರ್ಣದ್ವೇಷದ ಮುಖವನ್ನು ಆ ತರುಣಿ ಹತ್ತಿರದಿಂದ ಕಂಡದ್ದು ಹೀಗೆ.

1935ರಲ್ಲಿ ಜೂಲಿಯಟ್. ಜಾನ್ ಗೀಲ್ಗುಡ್ ಹಾಗೂ ಲಾರೆನ್ಸ್ ಒಲಿವಿಯರ್ ರೋಮಿಯೊ, ಮರ್ಕ್ಯೂಶಿಯೊ ಪಾತ್ರಗಳನ್ನು ಅದಲು ಬದಲು ಮಾಡಿಕೊಂಡರು; ಜೂಲಿಯಟ್ ಮಾತ್ರ ಬದಲಾಗಲಿಲ್ಲ. ಅದೇ ವರ್ಷ ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ನಲ್ಲಿ ರೈತನ ಹೆಂಡತಿಯಾಗಿ ಸಣ್ಣ ಪಾತ್ರ ಮಾಡಿದರೂ, ಚಲನಚಿತ್ರ ಅವರನ್ನು ರಂಗದಿಂದ ಸೆಳೆದೊಯ್ಯಲಾಗಲಿಲ್ಲ.

1956ರಲ್ಲಿ ‘ಡೇಮ್’ ಗೌರವ ಸಂದಿತು. ತರುಣ ನಿರ್ದೇಶಕ ಪೀಟರ್ ಹಾಲ್ ಸ್ಟ್ರಾಟ್‌ಫರ್ಡ್‌ನಲ್ಲಿ ಒಂದು ಸ್ಥಾಯಿ ತಂಡ ಕಟ್ಟಹೊರಟಾಗ, ತಾರಾಪಟ್ಟ ಬದಿಗಿಟ್ಟು ಕೈಜೋಡಿಸಿದವರಲ್ಲಿ ಅವರು ಮೊದಲಿಗರು. 1961ರಲ್ಲಿ ‘ರಾಯಲ್ ಷೇಕ್ಸ್‌ಪಿಯರ್ ಕಂಪನಿ’ ಎಂಬ ಹೆಸರು ಪಡೆದದ್ದು ಆ ತಂಡವೇ. 1963ರಲ್ಲಿ ಅದರ ‘ವಾರ್ಸ್ ಆಫ್ ದಿ ರೋಸಸ್’ ನಾಟಕಮಾಲೆಯಲ್ಲಿ, ಐವತ್ತೈದು ದಾಟಿದ್ದ ಪೆಗ್ಗಿ, ರಾಣಿ ಮಾರ್ಗರೆಟ್ಟಳನ್ನು ಎಳೆಯ ವಧುವಿನಿಂದ ಶಾಪ ಹಾಕುವ ಮುದುಕಿಯವರೆಗೆ ಅಭಿನಯಿಸಿದರು. ಬಿಬಿಸಿ ಅದನ್ನು ಚಿತ್ರಿಸಿ 1965ರಲ್ಲಿ ಪ್ರಸಾರ ಮಾಡಿತು.

ಆದರೆ ಎಲ್ಲಕ್ಕೂ ಆ ಭಾಗ್ಯವಿರಲಿಲ್ಲ. ನಾಟಕ ಪರದೆ ಬಿದ್ದಲ್ಲಿಗೆ ಮುಗಿಯುತ್ತದೆ. 1930ರ ಡೆಸ್ಡಿಮೋನಾಳನ್ನಾಗಲಿ 1935ರ ಜೂಲಿಯಟ್ಟಳನ್ನಾಗಲಿ ನಾವಿಂದು ಪ್ರೇಕ್ಷಕರಾಗಿ ಕೂತು ನೋಡುವಂತಿಲ್ಲ. ಆ ಕಾಲದ ವಿಮರ್ಶೆಗಳನ್ನು ಓದಿ ಊಹಿಸಿಕೊಳ್ಳಬೇಕು.

ಮಿಸೆಸ್ ಮೂರ್ ಪಾತ್ರಕ್ಕಾಗಿ 1985ರಲ್ಲಿ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂದಾಗ ಅವರಿಗೆ 77 ವರ್ಷ. ಆವರೆಗೆ ಆ ಪ್ರಶಸ್ತಿ ಪಡೆದವರಲ್ಲಿ ಅವರೇ ಹಿರಿಯರು. ಸಮಾರಂಭಕ್ಕೆ ಅವರು ಹೋಗಲಿಲ್ಲ. ಅವರ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ಸ್ವೀಕರಿಸಿದರು. 1991ರ ಜೂನ್ 14ರಂದು ಪೆಗ್ಗಿ ಲಂಡನ್ನಿನಲ್ಲಿ ನಿಧನರಾದರು.

ಆ ಚಿತ್ರದಲ್ಲಿ ಬೆಳದಿಂಗಳ ಮಸೀದಿಯೊಂದರಲ್ಲಿ ಮಿಸೆಸ್ ಮೂರ್ ಹಾಗೂ ವೈದ್ಯ ಅಜೀಜ್ ಮೊದಲ ಬಾರಿಗೆ ಭೇಟಿಯಾಗುತ್ತಾರೆ. ಆಳುವ ಜನಾಂಗದ ಹೆಣ್ಣು, ಆಳಿಸಿಕೊಳ್ಳುವ ಜನಾಂಗದ ಗಂಡು. ಆದರೂ ಅವರಲ್ಲಿ ಸ್ನೇಹ ಕುದುರುತ್ತದೆ. ಮತ್ತೊಮ್ಮೆ ಆ ದೃಶ್ಯ ಕಂಡಾಗ, ಐವತ್ತು ವರ್ಷಗಳಿಗೂ ಹಿಂದೆ ನಿಂದನೆಯ ಪತ್ರಗಳನ್ನು ಕೈಯಲ್ಲಿ ಹಿಡಿದಿದ್ದ ಆ ತರುಣಿಯನ್ನೂ ನೆನೆಯಬಹುದು.